ಬೆಳೆಗೆ ಬೀಳುವ ಪಾರಿವಾಳ ಮತ್ತು ಏರ್ ರೈಫಲಿನ ಗುರಿ: ಇಂಗ್ಲೆಂಡಿನ ರೈತರ ಅನುಭವ

ಸೂರ್ಯಕಾಂತಿಯಲ್ಲಿ ಕಾಳು ತುಂಬುವ ಕಾಲ ಬಂತೆಂದರೆ, ನೆಲಗಡಲೆ ಬಿತ್ತನೆಯಾದ ವಾರ ಕಳೆಯಿತೆಂದರೆ, ಹಕ್ಕಿಗಳ ಕಾಟದ ಬಗ್ಗೆ ರೈತ ಬಾಂಧವರಿಂದ ಪ್ರಶ್ನೆಗಳು ಬರತೊಡಗುತ್ತವೆ. ಅವುಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ: "ಇಂಗ್ಲೆಂಡಿನಲ್ಲಿ ರೈತರು ಪಾರಿವಾಳಗಳನ್ನು ಏರ್ ರೈಫಲಿನಿಂದ ಹೊಡೆದು ಬೆಳೆ ಉಳಿಸಿಕೊಳ್ಳುತ್ತಾರಂತೆ. ನಾವೇಕೆ ಹಾಗೆ ಮಾಡಬಾರದು?" ಕಾನೂನು ಬಿಡುವುದಿಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದು. ಆದರೆ ಅಷ್ಟರಿಂದ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಅಲ್ಲಿಯ ರೈತ ಯಾವ ಹಕ್ಕಿಯನ್ನು, ಎಷ್ಟು ದೂರದಿಂದ, ದೇಹದ ಯಾವ ಭಾಗಕ್ಕೆ ಗುರಿಯಿಟ್ಟು ಹೊಡೆಯುತ್ತಾನೆ, ಹೊಡೆದದ್ದರಿಂದ ಅವನ ಬೆಳೆಗೆ ಆದ ಲಾಭವೆಷ್ಟು ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿದುಕೊಂಡರೆ, ಈ ಉಪಾಯ ಎಷ್ಟು ಇಕ್ಕಟ್ಟಿನದು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಅಲ್ಲಿಯ ಹಕ್ಕಿ, ಅಲ್ಲಿಯ ಬೆಳೆ

ಇಂಗ್ಲೆಂಡಿನಲ್ಲಿ ಬೆಳೆಗೆ ಬೀಳುವುದು ನಮ್ಮ ಗುಡಿ ಗೋಪುರಗಳಲ್ಲಿ ಕಾಣುವ ಪಾರಿವಾಳವಲ್ಲ. ಅದು ಮರಗಳಲ್ಲಿ ಗೂಡು ಕಟ್ಟುವ ಕಾಡು ಪಾರಿವಾಳ. ಇಂಗ್ಲಿಷರು ಅದನ್ನು ವುಡ್‌ಪಿಜನ್ ಎನ್ನುತ್ತಾರೆ. ಕತ್ತಿನ ಎರಡು ಪಕ್ಕಗಳಲ್ಲಿ ಬಿಳಿ ಮಚ್ಚೆ, ರೆಕ್ಕೆಯ ಮೇಲೆ ಬಿಳಿ ಪಟ್ಟಿ ಇರುವ ಈ ಹಕ್ಕಿ ಸುಮಾರು ಅರ್ಧ ಕಿಲೋ ತೂಗುತ್ತದೆ. ಬ್ರಿಟನ್ನಿನಲ್ಲಿ ಇವುಗಳ ಸಂಖ್ಯೆ 50 ಲಕ್ಷ ಜೋಡಿಗಳಿಗೂ ಮಿಕ್ಕಿದೆ. ಒಂದು ಸಲಕ್ಕೆ ಎರಡೇ ಮೊಟ್ಟೆ ಇಟ್ಟರೂ ವರ್ಷದಲ್ಲಿ ಎರಡು ಮೂರು ಸಲ ಮರಿ ಮಾಡುವುದುಂಟು.

ಚಳಿಗಾಲದಲ್ಲಿ ಇವು ಗುಂಪುಗುಂಪಾಗಿ ಹೊಲಗಳಿಗೆ ಇಳಿದು ಹಸಿರೆಲೆ ಮೇಯುತ್ತವೆ. ಹಿಂದೆ ಮುಖ್ಯವಾಗಿ ಕ್ಲೋವರ್ ಎಂಬ ದ್ವಿದಳ ಮೇವಿನ ಬೆಳೆ ಇವುಗಳ ಆಹಾರವಾಗಿತ್ತು. 1970ರ ದಶಕದಿಂದ ಅಲ್ಲಿ ಸಾಸಿವೆ ಕುಲದ ರೇಪ್ ಎಂಬ ಎಣ್ಣೆಕಾಳು ಬೆಳೆ ಬಹಳವಾಗಿ ಹರಡಿತು. ಚಳಿಗಾಲದುದ್ದಕ್ಕೂ ಹೊಲದಲ್ಲಿ ಹಸಿರಾಗಿ ನಿಲ್ಲುವ ಈ ಬೆಳೆ ಪಾರಿವಾಳಗಳಿಗೆ ಬಡಿಸಿಟ್ಟ ಎಲೆಯಂತಾಯಿತು. ಹುಲುಸಾಗಿ ಬೆಳೆದ ಪೈರು ಅಲ್ಪಸ್ವಲ್ಪ ಮೇಯಿಸಿಕೊಂಡರೂ ಮತ್ತೆ ಚಿಗುರಿ ನಷ್ಟ ತುಂಬಿಕೊಳ್ಳುತ್ತದೆ. ಎಳೆಯ ಸಸಿಯಾಗಿದ್ದಾಗ ಅಥವಾ ಚಳಿಗಾಲದ ಕೊನೆಯಲ್ಲಿ ಸುಳಿ ತಿಂದರೆ ಮಾತ್ರ ಇಳುವರಿಗೆ ನೇರ ಪೆಟ್ಟು. ನಷ್ಟ ಮಾಡುವ ಹಕ್ಕಿ ಹೊಲದಲ್ಲಿದೆ ಎಂಬುದು ಬೇರೆ, ಅದು ನಷ್ಟ ಮಾಡುವ ಹಂತ ಯಾವುದು ಎಂಬುದು ಬೇರೆ ಎನ್ನುವುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ಕೋವಿಯ ಶಕ್ತಿ ಎಷ್ಟು?

ಇಂಗ್ಲೆಂಡಿನಲ್ಲಿ ಪಾರಿವಾಳ ಬೇಟೆ ಬಹುಪಾಲು ನಡೆಯುವುದು ಚರೆ ಬಂದೂಕಿನಿಂದ. ಒಂದೇ ತೋಟಾದಲ್ಲಿ ನೂರಾರು ಚರೆಗಳಿದ್ದು ಅವು ಹರಡಿಕೊಂಡು ಹೋಗುವುದರಿಂದ ಹಾರುವ ಹಕ್ಕಿಯನ್ನೂ ಬೀಳಿಸಬಹುದು. ಏರ್ ರೈಫಲಿನ ಸಂಗತಿ ಹಾಗಲ್ಲ. ಅದರಿಂದ ಹೊರಡುವುದು ಒಂದೇ ಒಂದು ಸೀಸದ ಪೆಲೆಟ್. ಆದುದರಿಂದ ಕುಳಿತ ಹಕ್ಕಿಗೆ ಮಾತ್ರ ಅದು ಸಲ್ಲುತ್ತದೆ. ಹಾರುವ ಪಾರಿವಾಳಕ್ಕೆ ಏರ್ ರೈಫಲ್ ಎತ್ತುವವನನ್ನು ಅಲ್ಲಿಯ ಅನುಭವಿಗಳು ಬೇಟೆಗಾರನೆಂದು ಎಣಿಸುವುದಿಲ್ಲ.

ಇಂಗ್ಲೆಂಡಿನಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲಿನ ಶಕ್ತಿಯ ಮಿತಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೌಲ್. ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯಿಂದ ಇದಕ್ಕೂ ಪರವಾನಗಿ ಕಡ್ಡಾಯ. ಈ ಶಕ್ತಿಯಲ್ಲಿ 0.177 ಬೋರಿನ, ಅರ್ಧ ಗ್ರಾಂ ತೂಕದ ಪೆಲೆಟ್ ನಳಿಗೆಯಿಂದ ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಹೊರಡುತ್ತದೆ. 0.22 ಬೋರಿನ, ಒಂದು ಗ್ರಾಂ ತೂಕದ ಪೆಲೆಟ್ಟಿನ ವೇಗ ಸುಮಾರು 175 ಮೀಟರ್. ಗಾಳಿಯ ತಡೆಯಿಂದಾಗಿ ವೇಗ ಕೂಡಲೇ ಕುಗ್ಗುತ್ತ ಹೋಗಿ, 30 ಮೀಟರ್ ತಲುಪುವಷ್ಟರಲ್ಲಿ ಶಕ್ತಿಯ ಸುಮಾರು ಕಾಲುಭಾಗ ಕಳೆದುಹೋಗಿರುತ್ತದೆ. ಉಳಿದದ್ದು ಒಂದು ಪಾರಿವಾಳವನ್ನು ಕೊಲ್ಲಲು ಸಾಕು. ಆದರೆ ತಗಲಬೇಕಾದ ಜಾಗಕ್ಕೆ ತಗಲಿದರೆ ಮಾತ್ರ. ಎಲ್ಲಿ ತಗಲಿದರೂ ಸಾಯಿಸುವ ಶಕ್ತಿ ಈ ಕೋವಿಗಿಲ್ಲ.

ಗುರಿಯ ಜಾಗ

ಪಾರಿವಾಳವನ್ನು ತಕ್ಷಣ, ನರಳಿಸದೆ ಕೊಲ್ಲುವ ಜಾಗ ತಲೆ. ಪಕ್ಕದಿಂದ ನೋಡಿದಾಗ ಕಣ್ಣಿನ ಸ್ವಲ್ಪ ಹಿಂದೆ ಮಿದುಳು ಇರುತ್ತದೆ. ಗುರಿಯಿಡಬಹುದಾದ ವೃತ್ತದ ಅಡ್ಡಳತೆ ಸುಮಾರು 25 ಮಿಲಿಮೀಟರ್, ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದಿಷ್ಟು ಚಿಕ್ಕದು.

ಎರಡನೆಯ ಜಾಗ ಹೃದಯ ಮತ್ತು ಶ್ವಾಸಕೋಶ. ಹಕ್ಕಿ ಪಕ್ಕ ತಿರುಗಿ ಕುಳಿತಾಗ ಮಡಿಸಿದ ರೆಕ್ಕೆಯ ಬುಡದ ಬಳಿ ಇವು ಸಿಗುತ್ತವೆ. ಬೆನ್ನು ತೋರಿಸಿ ಕುಳಿತಿದ್ದರೆ ಎರಡು ರೆಕ್ಕೆಗಳ ನಡುವೆ ಗುರಿಯಿಡುತ್ತಾರೆ. ಆದರೆ ಎದುರಿನಿಂದ ಎದೆಗೆ ಹೊಡೆಯುವುದು ತಪ್ಪು ಎಂದು ಅಲ್ಲಿಯ ಪಳಗಿದವರು ಹೇಳುವುದಕ್ಕೆ ಕಾರಣವಿದೆ. ಪಾರಿವಾಳದ ದೇಹದಲ್ಲಿ ಅತ್ಯಂತ ದಪ್ಪನಾದ ಮಾಂಸವಿರುವುದು ಎದೆಯಲ್ಲಿ, ಏಕೆಂದರೆ ರೆಕ್ಕೆ ಬಡಿಯುವ ಸ್ನಾಯು ಅದೇ. ಅದರ ಮೇಲ್ಗಡೆ, ಕತ್ತಿನ ಬುಡದಲ್ಲಿ, ತಿಂದದ್ದನ್ನು ಕೂಡಿಡುವ ಚೀಲವಿದೆ. ಹೊಲದಲ್ಲಿ ಮೇದ ಹಕ್ಕಿಯಲ್ಲಿ ಈ ಚೀಲ ಕಾಳಿನಿಂದಲೋ ಎಲೆಯಿಂದಲೋ ಬಿಗಿಯಾಗಿ ತುಂಬಿರುತ್ತದೆ. ಪೆಲೆಟ್ಟಿನ ಅಲ್ಪ ಶಕ್ತಿ ಈ ಚೀಲದಲ್ಲಿ, ಮಾಂಸದಲ್ಲಿ, ಎದೆಮೂಳೆಯಲ್ಲಿ ಕರಗಿಹೋಗುತ್ತದೆ. ಹಕ್ಕಿಯಿಂದ ನಾಲ್ಕು ಗರಿ ಉದುರುತ್ತವೆ, ಹಕ್ಕಿ ಹಾರಿಹೋಗುತ್ತದೆ. ಹೊಡೆದವನು ಗುರಿ ತಪ್ಪಿತು ಎಂದುಕೊಳ್ಳುತ್ತಾನೆ. ಗುರಿ ತಪ್ಪಿರುವುದಿಲ್ಲ, ಹಕ್ಕಿ ದೂರದ ಯಾವುದೋ ಬೇಲಿಯಲ್ಲಿ ಕುಳಿತು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಗರಿ ಉದುರಿದ್ದು ಕಂಡರೆ ಹುಡುಕಿ ಹೋಗಬೇಕು, ಗಾಯಗೊಂಡದ್ದನ್ನು ಕೂಡಲೇ ಮುಗಿಸಬೇಕು ಎಂಬುದು ಅಲ್ಲಿ ಬೇಟೆಯ ಮೊದಲ ನಿಯಮ. ಕಾಳಿಗಾಗಿ ಬಂದ ಹಕ್ಕಿಗೆ ಇಷ್ಟನ್ನಾದರೂ ಮಾಡುವುದು ಮನುಷ್ಯನ ಹೊಣೆ ಎಂದು ನನ್ನ ಅಭಿಪ್ರಾಯ.

ತಲೆಗೆ ಗುರಿ ಎಂದಾಕ್ಷಣ ಕೆಲಸ ಸುಲಭವಾಗುವುದಿಲ್ಲ. ಪಾರಿವಾಳ ನಡೆಯುವಾಗ ತಲೆ ಹಿಂದುಮುಂದಾಗಿ ಕುಲುಕುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಬರಿಯ ಕುಲುಕಾಟವಲ್ಲ. ಹಕ್ಕಿ ತಲೆಯನ್ನು ಥಟ್ಟನೆ ಮುಂದಕ್ಕೆ ಚಾಚಿ, ಮೈ ಮುಂದೆ ಬಂದು ಸೇರುವವರೆಗೆ ಅದೇ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತದೆ; ಹೀಗೆ ಮಾಡುವುದರಿಂದ ಸುತ್ತಲಿನ ನೋಟ ಅದಕ್ಕೆ ಅಲುಗಾಡದೆ ಕಾಣುತ್ತದೆ. ಪಾರಿವಾಳಗಳನ್ನು ಚಲಿಸುವ ಪಟ್ಟಿಯ ಮೇಲೆ ನಡೆಸಿ ಈ ಸಂಗತಿಯನ್ನು 1978ರಲ್ಲಿ ಪ್ರಯೋಗದಿಂದ ತೋರಿಸಲಾಯಿತು. ತಲೆ ನಿಲ್ಲುವ ಆ ಕ್ಷಣ ಬಹಳ ಚಿಕ್ಕದು. ಆದುದರಿಂದ ನೆಲದ ಮೇಲೆ ಮೇಯುತ್ತಿರುವ ಹಕ್ಕಿಗೆ ಹೊಡೆಯದೆ, ಕೊಂಬೆಯ ಮೇಲೆ ವಿಶ್ರಾಂತಿಗೆ ಕುಳಿತ ಅಥವಾ ಏನೋ ಸದ್ದಾಯಿತೆಂದು ಕತ್ತೆತ್ತಿ ನಿಂತ ಹಕ್ಕಿಗೆ ಕಾಯುತ್ತಾರೆ. ಕಾಯುವವನು ಮರೆಯಲ್ಲಿರಬೇಕು, ಏಕೆಂದರೆ ತಲೆಯ ಎರಡು ಪಕ್ಕಗಳಲ್ಲಿ ಕಣ್ಣಿರುವ ಈ ಹಕ್ಕಿಗೆ ಬೆನ್ನ ಹಿಂದಿನ ಒಂದು ಕಿರಿದಾದ ಪಟ್ಟಿ ಬಿಟ್ಟರೆ ಸುತ್ತಲೂ ಕಾಣುತ್ತದೆ. ಬಲೆಯ ಮರೆ ಕಟ್ಟಿ, ಮುಂದೆ ಬೊಂಬೆ ಪಾರಿವಾಳಗಳನ್ನು ನಿಲ್ಲಿಸಿ, ಅರ್ಧ ದಿನ ಕುಳಿತು, ನಾಲ್ಕೈದು ಗುಂಡು ಹಾರಿಸಿ ಮನೆಗೆ ಹೋಗುವುದು ಅಲ್ಲಿ ಸಾಮಾನ್ಯ.

ನಿಮ್ಮ ದೂರ ಎಷ್ಟು?

ಎಷ್ಟು ದೂರದಿಂದ ಹೊಡೆಯಬಹುದು ಎಂದು ಕೇಳಿದರೆ ಅಲ್ಲಿ ಮೀಟರ್ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ. ಕಾಗದಕ್ಕೆ ಹೊಡೆದು ನೋಡು ಎನ್ನುತ್ತಾರೆ. ಇದು ಒಳ್ಳೆಯ ಕ್ರಮ, ನಮ್ಮ ಕ್ಷೇತ್ರ ಪ್ರಯೋಗಗಳಿಗೆ ಹತ್ತಿರವಾದದ್ದು. ಒಂದು ಹಾಳೆಯ ಮೇಲೆ 25 ಮಿಲಿಮೀಟರ್ ಅಗಲದ ವೃತ್ತ ಬರೆದು ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ನಿಲ್ಲಿಸುತ್ತಾರೆ. 10 ಮೀಟರಿನಿಂದ ಐದು ಪೆಲೆಟ್, 20ರಿಂದ ಐದು, 25ರಿಂದ ಐದು, 30ರಿಂದ ಐದು ಹಾರಿಸುತ್ತಾರೆ. ಐದಕ್ಕೆ ಐದೂ ವೃತ್ತದೊಳಗೆ ಬಿದ್ದ ಕೊನೆಯ ದೂರ ಯಾವುದೋ ಅದೇ ಆ ಮನುಷ್ಯನ ದೂರ. ಐದರಲ್ಲಿ ನಾಲ್ಕು ಬಿತ್ತು ಎಂದರೆ ಐದು ಹಕ್ಕಿಗಳಲ್ಲಿ ಒಂದು ಗಾಯಗೊಂಡು ಹಾರಿಹೋಯಿತು ಎಂದೇ ಅರ್ಥ. ಬೆಂಚಿನ ಮೇಲೆ ಕೋವಿ ಊರಿ ಹೊಡೆದದ್ದು ಲೆಕ್ಕಕ್ಕಿಲ್ಲ. ಹೊಲದಲ್ಲಿ ಯಾವ ಭಂಗಿಯಲ್ಲಿ ಹೊಡೆಯುವನೋ ಅದೇ ಭಂಗಿಯಲ್ಲಿ ಕಾಗದಕ್ಕೂ ಹೊಡೆಯಬೇಕು. ಮೊಣಕಾಲೂರಿ 30 ಮೀಟರ್ ಸಾಧಿಸಿದವನು ನಿಂತು ಹೊಡೆಯುವಾಗ 15ಕ್ಕೆ ಇಳಿದರೂ ಆಶ್ಚರ್ಯವಿಲ್ಲ. 20 ಮೀಟರಿನಲ್ಲಿ 25 ಮಿಲಿಮೀಟರ್ ಹರಡುವ ಕೋವಿ 40ರಲ್ಲಿ ಕಡಿಮೆಯೆಂದರೂ 50 ಮಿಲಿಮೀಟರ್ ಹರಡುತ್ತದೆ.

ಪೆಲೆಟ್ ಗೆರೆ ಎಳೆದಂತೆ ನೇರವಾಗಿ ಹೋಗುತ್ತದೆ ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಅದು ನಳಿಗೆ ಬಿಟ್ಟ ಕ್ಷಣದಿಂದಲೇ, ಕೈಯಿಂದ ಬಿಟ್ಟ ಕಲ್ಲಿನಂತೆ, ಕೆಳಕ್ಕೆ ಬೀಳುತ್ತಿರುತ್ತದೆ. 0.177 ಪೆಲೆಟ್ 30 ಮೀಟರ್ ಹೋಗಲು ಸೆಕೆಂಡಿನ ಏಳರಲ್ಲಿ ಒಂದು ಪಾಲಿನಷ್ಟು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಅದು ಸುಮಾರು 9 ಸೆಂಟಿಮೀಟರ್ ಬಿದ್ದಿರುತ್ತದೆ. ಸ್ಕೋಪನ್ನು 30 ಮೀಟರಿಗೆ ಸರಿಹೊಂದಿಸುವುದು ಎಂದರೆ ಈ ಬೀಳುವಿಕೆಯನ್ನು ಆ ಒಂದು ದೂರಕ್ಕೆ ಮಾತ್ರ ಸರಿದೂಗಿಸಿದಂತೆ. ಹಕ್ಕಿ 40 ಮೀಟರಿನಲ್ಲಿದ್ದರೆ ಅದೇ ಪೆಲೆಟ್ ಗುರಿಗಿಂತ 3-4 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, 0.22 ಆದರೆ 7 ಸೆಂಟಿಮೀಟರಿಗೂ ಹೆಚ್ಚು. ತಲೆಗೆ ಇಟ್ಟ ಗುರಿ ತುಂಬಿದ ಚೀಲಕ್ಕೆ ತಗಲುವುದು ಹೀಗೆಯೇ. ವಿಚಿತ್ರವೆಂದರೆ ತೀರ ಹತ್ತಿರ, ಐದಾರು ಮೀಟರಿನಲ್ಲಿ ಕೂಡ ಪೆಲೆಟ್ ಗುರಿಗಿಂತ ಕೆಳಗೇ ತಗಲುತ್ತದೆ, ಏಕೆಂದರೆ ಸ್ಕೋಪ್ ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ ಮತ್ತು ಪೆಲೆಟ್ ಇನ್ನೂ ನೋಟದ ಗೆರೆಯವರೆಗೆ ಏರಿರುವುದಿಲ್ಲ.

ಇದರ ಜೊತೆಗೆ ಗಾಳಿ. ಗಂಟೆಗೆ 15 ಕಿಲೋಮೀಟರ್ ವೇಗದ ಅಡ್ಡಗಾಳಿ, ಅಂದರೆ ಜೋಳದ ಗರಿ ಒಂದೇ ಸಮನೆ ಆಡುವಷ್ಟು ಗಾಳಿ, ಈ ಪೆಲೆಟ್ಟನ್ನು 30 ಮೀಟರಿನಲ್ಲಿ ಸುಮಾರು 4 ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ನಮ್ಮ ವೃತ್ತದ ಅಂಚು ನಡುವಿನಿಂದ ಒಂದೂಕಾಲು ಸೆಂಟಿಮೀಟರ್ ದೂರದಲ್ಲಷ್ಟೇ ಇದೆ. ಗಾಳಿಯ ದಿನ ಕೋವಿ ಮನೆಯಲ್ಲಿರಲಿ ಎಂದು ಅಲ್ಲಿಯವರು ಹೇಳುವುದು ಸುಮ್ಮನೆ ಅಲ್ಲ. ಮರದ ಮೇಲೆ ಎತ್ತರದಲ್ಲಿ ಕುಳಿತ ಹಕ್ಕಿಗೆ ಕಡಿದಾಗಿ ಮೇಲಕ್ಕೆ ಹೊಡೆದಾಗ ಪೆಲೆಟ್ ಗುರಿಗಿಂತ ಮೇಲೆ ಹೋಗುತ್ತದೆ. ಆಗ ಕಣ್ಣಿನಿಂದ ಹಕ್ಕಿಗಿರುವ ದೂರವನ್ನಲ್ಲ, ನಿಂತ ಜಾಗದಿಂದ ಮರದ ಬುಡಕ್ಕಿರುವ ದೂರವನ್ನು ಲೆಕ್ಕಕ್ಕೆ ಹಿಡಿಯಬೇಕು.

ಕೋವಿ ಹಿಡಿಯುವ ರೀತಿಯೂ ಮುಖ್ಯ. ಸ್ಪ್ರಿಂಗ್ ಮಾದರಿಯ ಏರ್ ರೈಫಲಿನಲ್ಲಿ ಪೆಲೆಟ್ ನಳಿಗೆ ಬಿಡುವ ಮೊದಲೇ ಒಳಗಿನ ಸ್ಪ್ರಿಂಗ್ ಜಿಗಿದು ಇಡೀ ಕೋವಿ ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಬಿಗಿಯಾಗಿ ಹಿಡಿದರೆ ಪ್ರತಿ ಸಲವೂ ಬೇರೆ ಬೇರೆ ರೀತಿ ಅಲುಗುತ್ತದೆ. ಆದುದರಿಂದ ಮುಂಗೈ ಮೇಲೆ ಕೋವಿಯನ್ನು ಹಗುರವಾಗಿ ಒರಗಿಸಿಕೊಂಡು, ಪ್ರತಿ ಸಲವೂ ಅದೇ ಜಾಗದಲ್ಲಿ ಆಸರೆ ಕೊಟ್ಟು, ಟ್ರಿಗರನ್ನು ಮೆಲ್ಲಗೆ ಒತ್ತಬೇಕು. ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರಿನ ಮಾದರಿಗಳಲ್ಲಿ ಈ ತೊಂದರೆ ಇಲ್ಲ, ಬೆಲೆ ಮಾತ್ರ ಬಹಳ ಹೆಚ್ಚು.

ತಗಲದ ಪೆಲೆಟ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಟ್ರಿಗರ್ ಒತ್ತುವ ಮೊದಲೇ ತಿಳಿದಿರಬೇಕು. ಅದು ಕೆಲವು ನೂರು ಮೀಟರ್ ದೂರ ಹೋಗಬಲ್ಲದು. ಕಲ್ಲಿಗೆ, ಗಟ್ಟಿ ನೆಲಕ್ಕೆ, ನೀರಿಗೆ ತಗಲಿ ದಿಕ್ಕು ಬದಲಿಸಬಲ್ಲದು. ಹಕ್ಕಿಯ ಹಿಂದೆ ದಪ್ಪ ಕಾಂಡವೋ ಮಣ್ಣಿನ ಏರಿಯೋ ಇಲ್ಲದೆ ಬರಿಯ ಆಕಾಶವಿದ್ದರೆ ಹೊಡೆಯಬಾರದು. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಪೆಲೆಟ್ ತನ್ನ ಜಮೀನಿನ ಗಡಿ ದಾಟಿದರೇ ಅದು ಅಪರಾಧ. ಒಂದೆರಡು ಎಕರೆಯ ತುಂಡುಗಳಾಗಿ ಹಂಚಿಹೋದ, ಒಂದು ಬದುವಿನಾಚೆ ಹೆಂಗಸರು ಕಳೆ ತೆಗೆಯುತ್ತಿರುವ, ಇನ್ನೊಂದು ಬದುವಿನ ಮೇಲೆ ಮಕ್ಕಳು ಶಾಲೆಗೆ ನಡೆದುಹೋಗುವ ನಮ್ಮ ಹೊಲಗಳಲ್ಲಿ ಈ ನಿಯಮ ಪಾಲಿಸುವುದು ಹೇಗೆ ಎಂದು ನೀವೇ ಯೋಚಿಸಿ. ಪಾರಿವಾಳದ ಎದೆಯಲ್ಲಿ ನಿಂತುಹೋಗುವ ಪೆಲೆಟ್ ಮಗುವಿನ ಕಣ್ಣಿಗೆ ತಗಲಿದರೆ ಕಣ್ಣು ಉಳಿಯುವುದಿಲ್ಲ.

ಹೊಡೆದದ್ದರಿಂದ ಬೆಳೆ ಉಳಿಯಿತೆ?

ಇಷ್ಟೆಲ್ಲ ಸಾಧಿಸಿದ ಮೇಲೂ ಉಳಿಯುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕಿದವರು ಆರ್. ಕೆ. ಮರ್ಟನ್ ಎಂಬ ಇಂಗ್ಲಿಷ್ ಪಕ್ಷಿ ವಿಜ್ಞಾನಿ. ಕೇಂಬ್ರಿಜ್ ಪ್ರಾಂತದ ಕಾರ್ಲ್‌ಟನ್ ಎಂಬ ಹಳ್ಳಿಯ ಹೊಲಗಳಲ್ಲಿ ಅವರೂ ಅವರ ಜೊತೆಗಾರರೂ 1950ರ ದಶಕದ ಕೊನೆಯಿಂದ ಹಲವು ವರ್ಷ ಪಾರಿವಾಳಗಳನ್ನು ಎಣಿಸಿದರು, ಅವು ತಿನ್ನುವ ಕ್ಲೋವರ್ ಎಲೆಯನ್ನೂ ಅಳೆದರು. ಆಗ ಅಲ್ಲಿಯ ಸರ್ಕಾರ ಪಾರಿವಾಳ ಹೊಡೆಯಲು ತೋಟಾಗಳಿಗೆ ಸಹಾಯಧನ ಕೊಡುತ್ತಿತ್ತು. ರಾತ್ರಿ ತಂಗುವ ಮರಗಳ ಕೆಳಗೆ ರೈತರು ಕೂಡಿ ನಿಂತು ಚಳಿಗಾಲದಲ್ಲಿ ಭಾರೀ ಸಂಖ್ಯೆಯಲ್ಲಿ ಹೊಡೆಯುತ್ತಿದ್ದರು.

ಮರ್ಟನ್ ಕಂಡುಕೊಂಡ ಸಂಗತಿ ಎಲ್ಲರಿಗೂ ಅನಿರೀಕ್ಷಿತವಾಗಿತ್ತು. ಚಳಿಗಾಲದ ಕೊನೆಗೆ ಎಷ್ಟು ಹಕ್ಕಿ ಉಳಿಯುತ್ತವೆ ಎಂಬುದನ್ನು ನಿರ್ಧರಿಸುತ್ತಿದ್ದುದು ಕೋವಿಯಲ್ಲ, ಹೊಲದಲ್ಲಿದ್ದ ಮೇವು. ಒಂದು ಉದಾಹರಣೆಯಿಂದ ಹೇಳುವುದಾದರೆ, ನೂರು ಹಕ್ಕಿಗೆ ಸಾಲುವಷ್ಟು ಮೇವಿರುವ ಕಡೆ ನೂರೈವತ್ತು ಹಕ್ಕಿ ಇವೆ ಎಂದುಕೊಳ್ಳಿ. ಐವತ್ತು ಹೇಗೂ ಹಸಿದು ಸಾಯುತ್ತವೆ ಇಲ್ಲವೆ ಬೇರೆಡೆಗೆ ಹೋಗುತ್ತವೆ. ಕೋವಿಯಿಂದ ನಲವತ್ತನ್ನು ಹೊಡೆದರೆ ಹಸಿವಿನಿಂದ ಸಾಯುವವು ಹತ್ತಕ್ಕೆ ಇಳಿಯುತ್ತವೆ. ಕೊನೆಗೆ ಉಳಿಯುವುದು ಅದೇ ನೂರು. ಒತ್ತಾಗಿ ಹುಟ್ಟಿದ ರಾಗಿ ಪೈರಿನಲ್ಲಿ ಕೆಲವನ್ನು ಕಿತ್ತರೆ ಉಳಿದವು ತೆಂಡೆಯೊಡೆದು ಜಾಗ ತುಂಬಿಕೊಳ್ಳುವುದನ್ನು ಬಲ್ಲ ನಿಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮರ್ಟನ್ ತಮ್ಮ ವಿಚಾರಗಳನ್ನು 1965ರಲ್ಲಿ ಕಾಡು ಪಾರಿವಾಳದ ಮೇಲಿನ ಒಂದು ಗ್ರಂಥದಲ್ಲಿಯೂ, 1974ರಲ್ಲಿ ಜೊತೆಗಾರರೊಂದಿಗೆ ಬರೆದ ಲೇಖನದಲ್ಲಿಯೂ ಪ್ರಕಟಿಸಿದರು. ತೋಟಾದ ಸಹಾಯಧನ ನಿಂತುಹೋಯಿತು.

ಹಾಗಾದರೆ ಅಲ್ಲಿ ಇಂದಿಗೂ ಹೊಡೆಯುವುದೇಕೆ? ಹಕ್ಕಿಯ ಕುಲವನ್ನು ಕಡಿಮೆ ಮಾಡಲು ಅಲ್ಲ. ಸುಳಿ ಎಳೆಯದಾಗಿರುವ ಆ ಕೆಲವು ವಾರ, ಆ ಒಂದು ಹೊಲದಿಂದ ಗುಂಪನ್ನು ಎಬ್ಬಿಸಿ ಬೇರೆಡೆಗೆ ಕಳುಹಿಸಲು. ಗುಂಡಿನ ಸದ್ದು ಮತ್ತು ಮನುಷ್ಯನ ಇರವು ಮಾಡುವ ಈ ಕೆಲಸದಲ್ಲಿ ಸದ್ದು ಕಡಿಮೆಯಿರುವ ಏರ್ ರೈಫಲಿನ ಪಾಲು ಚಿಕ್ಕದು. ದನದ ಕೊಟ್ಟಿಗೆ, ಕಣಜದ ಸುತ್ತ ಮುತ್ತ ಸದ್ದಾಗಬಾರದ ಕಡೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದಕ್ಕೂ ಸಾಮಾನ್ಯ ಪರವಾನಗಿ ಎಂಬ ಸರ್ಕಾರಿ ಆದೇಶದ ಷರತ್ತುಗಳಿವೆ: ಬೆಳೆಗೆ ಗಂಭೀರ ನಷ್ಟವಿರಬೇಕು, ಕೊಲ್ಲದೆ ಓಡಿಸುವ ಕ್ರಮಗಳನ್ನು ಮಾಡಿ ನೋಡಿರಬೇಕು. ಇಂಥ ಆದೇಶಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದರಿಂದ 2019ರ ಏಪ್ರಿಲಿನಲ್ಲಿ ಅವನ್ನು ಹಿಂತೆಗೆದುಕೊಂಡು ಹೊಸದಾಗಿ ಬರೆಯಬೇಕಾಯಿತು.

ನಮ್ಮಲ್ಲಿ

ನಮ್ಮಲ್ಲಿ ಸೂರ್ಯಕಾಂತಿಗೆ ಬೀಳುವ ಗಿಳಿ, ಕಾಳು ಹೆಕ್ಕುವ ಬೆಳವ, ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದೂ, ಅದಕ್ಕೆ ಪ್ರಯತ್ನಿಸುವುದೂ ಈ ಕಾಯಿದೆಯಲ್ಲಿ ಬೇಟೆ ಎನಿಸುತ್ತದೆ. ಏರ್ ಗನ್ ಕೊಳ್ಳಲು ಪರವಾನಗಿ ಬೇಕಿಲ್ಲ ಎಂದು ಅಂಗಡಿಯವರು ಹೇಳಿದರೆ, ಅದು ಕೋವಿಯ ಮಾತು. ಹಕ್ಕಿಗೆ ಹೊಡೆಯಲು ಅಪ್ಪಣೆ ಸಿಕ್ಕಿತು ಎಂದು ಅರ್ಥವಲ್ಲ. ಮೂವತ್ತು ಮೀಟರಿನಲ್ಲಿ, ಎಲೆಯ ಮರೆಯಲ್ಲಿ, ಪಾರಿವಾಳವೆಂದು ಹೊಡೆದದ್ದು ಬೆಳವವಾಗಿದ್ದರೆ ಅರಣ್ಯ ಇಲಾಖೆ ಮೊಕದ್ದಮೆ ಹೂಡುತ್ತದೆ. ಆದುದರಿಂದ ಯಾವ ಹಕ್ಕಿಗಾದರೂ ಸರಿ, ಕೋವಿ ಎತ್ತಬೇಡಿ. ಕಾಟ ಮಿತಿ ಮೀರಿದ್ದರೆ ವಲಯ ಅರಣ್ಯಾಧಿಕಾರಿಗೆ ಬರೆದು ತಿಳಿಸಿ.

ಮರ್ಟನ್ ಅವರ ಪಾಠ ಮಾತ್ರ ನಮಗೂ ಹೊಂದುತ್ತದೆ. ಸೂರ್ಯಕಾಂತಿಯಲ್ಲಿ ಕಾಯಬೇಕಾದದ್ದು ಕಾಳು ಹಾಲು ತುಂಬುವಾಗಿನಿಂದ ಕೊಯ್ಲಿನವರೆಗಿನ ಮೂರು ನಾಲ್ಕು ವಾರ, ಅದರಲ್ಲೂ ಬೆಳಗಿನ ಮತ್ತು ಸಂಜೆಯ ಎರಡೆರಡು ಗಂಟೆ. ಅಕ್ಕಪಕ್ಕದವರೆಲ್ಲ ಒಂದೇ ವಾರದಲ್ಲಿ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ. ಮುಂಚೆ ಅಥವಾ ತಡವಾಗಿ ಒಂಟಿಯಾಗಿ ಬಿತ್ತಿದ ಹೊಲಕ್ಕೆ ಇಡೀ ಊರಿನ ಹಕ್ಕಿ ಬೀಳುತ್ತದೆ. ಅಟ್ಟಣೆ ಮೇಲೊಬ್ಬ ಕವಣೆ ಹಿಡಿದು ಕೂಗುತ್ತಿದ್ದರೆ ಆ ಹೊತ್ತಿನ ಮಟ್ಟಿಗೆ ಏರ್ ರೈಫಲಿಗಿಂತ ಹೆಚ್ಚು ಕೆಲಸ ಆಗುತ್ತದೆ. ಆಳು ಸಿಗದ ಕಡೆ, ಒಂದು ಮಗ್ಗುಲು ಕೆಂಪು ಇನ್ನೊಂದು ಮಗ್ಗುಲು ಬೆಳ್ಳಿ ಬಣ್ಣವಿರುವ ಹೊಳೆಯುವ ರಿಬ್ಬನ್ನನ್ನು ತೆನೆಗಳಿಗಿಂತ ಒಂದಡಿ ಮೇಲೆ, ಎರಡು ಮೂರು ಸುತ್ತು ತಿರುಚಿ, ಗೂಟಗಳಿಗೆ ಕಟ್ಟಿ. ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್‌ಗುಟ್ಟುತ್ತದೆ. ಹೂ ಅರಳಿದಾಗಲೇ ಕಟ್ಟಬೇಡಿ, ಕಾಳು ತುಂಬತೊಡಗಿದ ಮೇಲೆ ಕಟ್ಟಿ. ಮೊದಲೇ ಕಟ್ಟಿದರೆ ಕಾಳು ಬಲಿಯುವ ಹೊತ್ತಿಗೆ ಹಕ್ಕಿಗಳು ಅದಕ್ಕೆ ಒಗ್ಗಿಹೋಗಿರುತ್ತವೆ.